ನಲವತ್ತೆರಡು ಮೆಟ್ಟಿಲು, ಹನ್ನೊಂದು ಸಲ

ಅವನನ್ನು ಮೊದಲ ಸಲ ನೋಡಿದಾಗ ಅವಳು ಝೆರಾಕ್ಸ್ ಮೆಷಿನ್ ರಿಪೇರಿಯವನೆಂದೇ ತಿಳಿದಳು.

ತಪ್ಪು ಪೂರ್ತಿ ಅವಳದೂ ಅಲ್ಲ. ಮೆಷಿನ್ ಎರಡು ದಿನದಿಂದ ಕಾಗದ ನುಂಗಿಕೊಂಡು ಕೂತಿತ್ತು. ರಿಪೇರಿಯವನು 'ಈಗ ಬಂದೆ, ಈಗ ಬಂದೆ' ಎಂದು ಫೋನಿನಲ್ಲೇ ಬರುತ್ತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತ. ಅಗಲವಾದ ಭುಜ, ಹೆಗಲಲ್ಲಿ ಟೂಲ್ ಬ್ಯಾಗ್, ಹಣೆಯ ಮೇಲೆ ಬೆವರು. ಚೌಕಟ್ಟಿಗೆ ಒಂದು ಕೈ ಊರಿ ನಿಂತ ಠೀವಿ ನೋಡಿದರೆ, ಇವನು ಕೈ ತೆಗೆದರೆ ಕಟ್ಟಡವೇ ಬಿದ್ದೀತು ಅನ್ನಿಸುವಂತಿತ್ತು.

"ಅದೋ ಅಲ್ಲಿದೆ," ಎಂದಳು. "ಕೆಳಗಿನ ಟ್ರೇ ಹತ್ರ ಸಿಕ್ಕಿಹಾಕ್ಕೊಂಡಿದೆ."

ಅವನು ಅವಳನ್ನು ನೋಡಿದ. ಮೆಷಿನನ್ನು ನೋಡಿದ. ಕುರ್ಚಿ ಎಳೆದುಕೊಂಡು ಕುಳಿತು ಅದರ ಹೊಟ್ಟೆ ಬಿಚ್ಚಿದ. ಹತ್ತು ನಿಮಿಷದಲ್ಲಿ ಹರಿದ ಕಾಗದದ ಮೂರು ತುಂಡು ಅವಳ ಮೇಜಿಗೆ ಬಂದವು. ಮೆಷಿನ್ ಗೊರಗೊರ ಎಂದಿತು.

"ಬಿಲ್ ಕೊಡಿ."

"ಬಿಲ್ ಇಲ್ಲ, ಇದಿದೆ." ಟೂಲ್ ಬ್ಯಾಗಿನಿಂದ ದಪ್ಪನೆಯ ಲಕೋಟೆ ತೆಗೆದ. ಅಂಗವಿಕಲರ ಮಾಸಾಶನದ ಅರ್ಜಿ. ಮೂವತ್ತೆರಡು ಪುಟ, ಒಂದಕ್ಷರವೂ ತುಂಬಿಲ್ಲ. "ನಿಮ್ಮ ಮೆಷಿನ್‌ನ ಹೊಟ್ಟೆನೋವು ನಾನು ನೋಡ್ದೆ. ನನ್ನ ಸೊಂಟನೋವು ನೀವು ನೋಡ್ತೀರಾ ಮೇಡಂ?"

ಅವಳ ಕಿವಿ ಕೆಂಪಾಯಿತು. ಮಾತು ಬಾರದ ಹೊತ್ತಿನಲ್ಲಿ ಅವಳು ಯಾವಾಗಲೂ ಮಾಡುವಂತೆ ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು.

"ಕೆಳಗೆ ಬೋರ್ಡ್ ನೋಡ್ಲಿಲ್ವಾ?"

"ನೋಡ್ದೆ. ಅದು ಹತ್ತೋಕೆ ಆಗದವರಿಗೆ."

ಸಹಾಯ ಕೇಂದ್ರ ಇದ್ದದ್ದು ಎರಡನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಡೆಯಲಾರದವರಿಗೆ ಸಹಾಯ ಮಾಡುವ ಜಾಗ ನಲವತ್ತೆರಡು ಮೆಟ್ಟಿಲ ಮೇಲೆ ಕೂತಿರುವುದು ಎಂಥ ನ್ಯಾಯವೆಂದು ಕೇಳದವರಿಲ್ಲ. ಬಾಡಿಗೆ ಕಡಿಮೆ ಇರುವ ಕಡೆಯಲ್ಲವೇ ಇಂಥ ಕೇಂದ್ರಗಳು ಹುಟ್ಟುವುದು? ಅದಕ್ಕೇ ಕೇಂದ್ರ ನಡೆಸುವ ದೊಡ್ಡಕ್ಕ ಬೀದಿಬಾಗಿಲಲ್ಲಿ ಒಂದು ಬೋರ್ಡ್ ಹಾಕಿಸಿದ್ದಳು: 'ಮೆಟ್ಟಿಲು ಹತ್ತಲಾಗದವರು ಈ ನಂಬರಿಗೆ ಫೋನ್ ಮಾಡಿ. ನಾವೇ ಇಳಿದು ಬರುತ್ತೇವೆ.' ಕೆಳಗಿನ ಸ್ಟೇಷನರಿ ಅಂಗಡಿಯವರು ಎರಡು ಕುರ್ಚಿ ಬಿಟ್ಟುಕೊಟ್ಟಿದ್ದರು. ಅರ್ಧದಷ್ಟು ಅರ್ಜಿಗಳು ಅಲ್ಲಿಯೇ, ನೋಟ್‌ಬುಕ್ಕು ಅಂಟುಗಳ ನಡುವೆ ತುಂಬುತ್ತಿದ್ದವು.

ದಿನಕ್ಕೆ ಹತ್ತು ಸಲ ಇಳಿದು ಹತ್ತುತ್ತಿದ್ದವಳು ಅವಳೇ. ದೊಡ್ಡಕ್ಕ ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದಳು. ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವವಳು ಎಂದು. ಅಪ್ಪನಿಗೆ ಲಕ್ವ ಹೊಡೆದಾಗ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ಗುಬ್ಬಿ. ಆ ವರ್ಷ ಪಾಠದ ಬದಲು ಅಪ್ಪನ ಅರ್ಜಿಗಳನ್ನು ಓದಿದಳು, ತುಂಬಿದಳು, ತಿರಸ್ಕಾರವಾದಾಗ ಮತ್ತೆ ತುಂಬಿದಳು. ಮಂಜೂರಾದ ಕಾಗದ ಬಂದದ್ದು ಅಪ್ಪ ತೀರಿಕೊಂಡ ಮೂರನೇ ವಾರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತನ್ನು ಅವಳು ಪುಸ್ತಕದಿಂದ ಕಲಿತವಳಲ್ಲ.

ಬಂದವನು ಹದಿನಾಲ್ಕು ವರ್ಷ ಲಿಫ್ಟ್ ಕೂರಿಸಿ ರಿಪೇರಿ ಮಾಡಿದವನು. ಎಲ್ಲರಿಗೂ ಅವನು ಮೇಸ್ತ್ರಿ. ಎರಡು ವರ್ಷದ ಹಿಂದೆ ಲಿಫ್ಟಿನ ಗುಂಡಿಯಲ್ಲಿ ಎರಡು ಮಹಡಿ ಕೆಳಗೆ ಬಿದ್ದ. ಸೊಂಟದಲ್ಲಿ ಕಬ್ಬಿಣದ ಸರಳು, ಬೆನ್ನಲ್ಲಿ ನಾಲ್ಕು ಸ್ಕ್ರೂ. ಗುತ್ತಿಗೆದಾರ 'ಇವನು ನಮ್ಮವನೇ ಅಲ್ಲ' ಎಂದು ಕೈ ತೊಳೆದುಕೊಂಡಿದ್ದ.

"ಊರಿಗೆಲ್ಲ ಮೆಟ್ಟಿಲು ತಪ್ಪಿಸಿದೋನು ನಾನು," ಎಂದ. "ನನ್ನ ಪಾಲಿಗೆ ಇಷ್ಟು ಮೆಟ್ಟಿಲು ಉಳ್ಕೊಂಡಿತ್ತು ಅನ್ಸುತ್ತೆ."

ಗುಬ್ಬಿ ನಗಲಿಲ್ಲ. ನಗಬಾರದೆಂದು ತುಟಿ ಕಚ್ಚಿಕೊಂಡದ್ದನ್ನು ಅವನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

"ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ?" ಹನ್ನೊಂದನೇ ಪುಟದ ಪ್ರಶ್ನೆ.

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಹತ್ತಿ ಬಂದು ನಿಮ್ಮ ಮುಂದೆ ಕೂತಿದ್ದೀನಲ್ಲ, ಅಷ್ಟು."

"ಬಟ್ಟೆ ಹಾಕ್ಕೊಳ್ಳೋಕೆ ಯಾರಾದ್ರೂ ಸಹಾಯ ಮಾಡ್ಬೇಕಾ?"

"ಇಷ್ಟು ನೀಟಾಗಿ ಇಸ್ತ್ರಿ ಮಾಡಿರೋ ಶರ್ಟ್ ಹಾಕ್ಕೊಂಡೋನನ್ನ ಈ ಪ್ರಶ್ನೆ ಕೇಳ್ತೀರಲ್ಲ ಮೇಡಂ!"

ಗುಬ್ಬಿ ಪೆನ್ನು ಕೆಳಗಿಟ್ಟಳು. "ಮೇಡಂ ಅಂದ್ರೆ ದೊಡ್ಡಕ್ಕ. ನಾನಲ್ಲ. ಮೇಸ್ತ್ರಿ, ನಾವಿಲ್ಲಿ ಎಲ್ಲರಿಗೂ ಒಂದು ಮಾತು ಹೇಳ್ತೀವಿ. ಒಳ್ಳೆ ದಿನದ ಕಥೆ ಹೇಳ್ಬೇಡಿ. ಕೆಟ್ಟ ದಿನದ್ದು ಹೇಳಿ. ಇಲಾಖೆ ಕೊಡೋದು ಕೆಟ್ಟ ದಿನಕ್ಕೆ."

"ಇವತ್ತು ಒಳ್ಳೆ ದಿನ ಆಗ್ಬಿಟ್ಟಿದೆ. ನಾನೇನ್ ಮಾಡ್ಲಿ?"

ಹೇಳುವಾಗ ಅವನ ಕಣ್ಣು ಅರ್ಜಿಯ ಮೇಲಿರಲಿಲ್ಲ. ಗುಬ್ಬಿ ತಲೆ ತಗ್ಗಿಸಿದಳು. ಹನ್ನೊಂದನೇ ಪುಟದ ಒಂದೇ ಸಾಲನ್ನು ಮೂರು ಸಲ ಓದಿದಳು.

ಏನು ಕೇಳಿದರೂ 'ಆಗುತ್ತೆ', 'ನಿಧಾನಕ್ಕೆ ಆಗುತ್ತೆ', 'ಅದೇನು ದೊಡ್ಡ ವಿಷಯ'. ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಆಸ್ಪತ್ರೆಯ ಕಾಗದಗಳ ಬಲದ ಮೇಲೆ ಹೇಗೋ ಅರ್ಜಿ ತುಂಬಿ ಕಳಿಸಿದಳು. ಹೊರಡುವಾಗ ಅವನು ಒಂದೇ ಒಂದು ಮಾತನ್ನು ತಮಾಷೆಯಿಲ್ಲದೆ ಹೇಳಿದ.

"ಇದು ಸಿಗಲಿಲ್ಲ ಅಂದ್ರೆ ರೂಮ್ ಬಿಡ್ಬೇಕು. ಅಕ್ಕನ ಊರಿಗೆ ಹೋಗ್ಬೇಕು. ರೈಲಲ್ಲಿ ಒಂದು ಹಗಲು ಒಂದು ರಾತ್ರಿ. ಭಾವ ಒಳ್ಳೆಯವರೇ. ಆದ್ರೆ ಆ ಮನೇಲಿ ನಾನು ಹಾದು ಹೋಗೋರ ಕಾಲಿಗೆ ಸಿಗೋ ಸ್ಟೂಲು."

*

ಆಮೇಲೆ ಅವನು ಬರತೊಡಗಿದ.

ಪೆನ್ನು ಮರೆತೆನೆಂದು ಒಂದು ಸಲ. ಒಂಬತ್ತನೇ ಪುಟದ ಒಂದು ಪದದ ಅರ್ಥ ಗೊತ್ತಾಗಲಿಲ್ಲವೆಂದು ಒಂದು ಸಲ. ಇಲಾಖೆಯಿಂದ ಕಾಗದ ಬಂತೇ ಎಂದು ಕೇಳಲು, ಬರಲಿಲ್ಲವಲ್ಲ ಎಂದು ಹೇಳಲು. ಕೇಂದ್ರಕ್ಕೆ ಬಂದವರ ಹೆಸರು, ಹೊತ್ತು, ಕಾರಣ ರಿಜಿಸ್ಟರಿನಲ್ಲಿ ಬರೆಯಬೇಕು. ಗುಬ್ಬಿ ಬರೆಯುತ್ತಿದ್ದಳು. ಉಳಿದ ಹೆಸರುಗಳು ಇರುವೆ ಸಾಲಿನಂತೆ ಹೋದರೆ ಆ ಒಂದು ಹೆಸರು ಮಾತ್ರ ತಲೆಗಟ್ಟು, ಕೊಂಬು ಎಲ್ಲ ತಿದ್ದಿಸಿಕೊಂಡು ಮದುವೆಗೆ ಹೊರಟಂತೆ ಕೂರುತ್ತಿತ್ತು.

ಅವಳ ಮೇಜಿನ ಪಕ್ಕದ ಕಿಟಕಿಯಿಂದ ಬೀದಿಬಾಗಿಲು ಕಾಣುತ್ತದೆ. ಅವನು ಬೋರ್ಡಿನ ಮುಂದೆ ಒಂದು ಕ್ಷಣವೂ ನಿಲ್ಲದೆ ಒಳಹೊಗುವುದು ಕಾಣುತ್ತಿತ್ತು. ಆಮೇಲೆ ಸದ್ದು. ಒಂದು ಧಪ್, ಒಂದು ಎಳೆತ. ಮೊದಲ ತಿರುವಿನಲ್ಲಿ ಮೌನ. ಮತ್ತೆ ಧಪ್. ಗುಬ್ಬಿಯ ಕಣ್ಣು ಗೋಡೆ ಗಡಿಯಾರದ ಮೇಲೆ. ಮೊದಲೆಲ್ಲ ಹನ್ನೊಂದು ನಿಮಿಷ. ಬರಬರುತ್ತ ಹದಿನಾಲ್ಕು. ಹದಿನೇಳು.

ಒಂದು ಸಲ ತಡೆಯಲಾಗದೆ ಎದ್ದು ಹೋಗಿ ಮೆಟ್ಟಿಲ ಕಂಬಿಗಳ ಸಂದಿಯಿಂದ ಇಣುಕಿದಳು. ಅವನು ಕೊನೆಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಸುಣ್ಣದಂತಾಗಿತ್ತು. ಕರವಸ್ತ್ರದಿಂದ ಬೆವರೊರೆಸಿದ. ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು ತಲೆ ಬಾಚಿದ. ಕಾಲರ್ ಸರಿಮಾಡಿಕೊಂಡ. ಆಮೇಲೆ ಗೋಡೆ ಹಿಡಿದು ಎದ್ದು, ಸಿಳ್ಳೆ ಹಾಕತೊಡಗಿದ.

ಗುಬ್ಬಿ ಓಡಿ ಬಂದು ಕುರ್ಚಿಯಲ್ಲಿ ಕುಳಿತಳು. ಸಿಳ್ಳೆ ಬಾಗಿಲಿಗೆ ಬಂತು.

"ಏನು, ಇವತ್ತು ಕೆನ್ನೆ ಕೆಂಪಗಿದೆ? ಯಾರ ಹಿಂದೆ ಓಡ್ತಿದ್ರಿ?"

"ಫೈಲ್ ಹುಡುಕ್ತಿದ್ದೆ."

"ಸಿಕ್ತಾ?"

"ಸಿಕ್ತು," ಎಂದಳು, ಅವನನ್ನೇ ನೋಡಿ. ತಕ್ಷಣ ನಾಲಗೆ ಕಚ್ಚಿಕೊಂಡಳು.

ಉಬ್ಬಸದ ಅಜ್ಜನಿಗೆ, ಬಸುರಿ ಹೆಂಗಸಿಗೆ, ಕಾಲುನೋವಿನ ಅಡುಗೆಯವಳಿಗೆ, ಎಲ್ಲರಿಗೂ ಕರೆಯುವ ಮೊದಲೇ ಇಳಿದು ಹೋಗುವವಳು ಇವನಿಗೆ ಮಾತ್ರ ಒಂದು ದಿನವೂ ಇಳಿಯಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಳ್ಳಲೂ ಇಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಯಾರು ತಾನೇ ಕೇಳಿಕೊಳ್ಳುತ್ತಾರೆ?

ಎಂಟನೇ ವಾರ ಇಲಾಖೆಯಿಂದ ಕಾಗದ ಬಂತು. 'ಅರ್ಜಿದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ, ಅರ್ಜಿಯಲ್ಲಿ ಆಸಕ್ತಿ ಇಲ್ಲವೆಂದು ಭಾವಿಸಲಾಗುವುದು.' ತಪ್ಪು ವಿಳಾಸಕ್ಕೆ ಎರಡು ಪತ್ರ ಬರೆದವರು ಅವರೇ. ಗುಬ್ಬಿ ಫೋನ್ ಮಾಡಿದಳು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಒಂದು ದನಿ ಐವತ್ತು ನಿಮಿಷ ಹೇಳಿ ಲೈನ್ ಕತ್ತರಿಸಿತು. ಮತ್ತೆ ಮಾಡಿದಳು. ಮತ್ತೆ ಅಮೂಲ್ಯ. ದೊಡ್ಡಕ್ಕ ಅಂದು ರಜೆ. ಉತ್ತರಿಸಲು ಉಳಿದದ್ದು ಎರಡೇ ದಿನ.

ಆಸಕ್ತಿ ಇಲ್ಲವಂತೆ! ಗುಬ್ಬಿ ರಿಜಿಸ್ಟರಿನ ಪುಟಗಳನ್ನು ಝೆರಾಕ್ಸ್ ಮಾಡಿ, ಅವನ ಹೆಸರಿದ್ದ ಪ್ರತಿ ಸಾಲಿಗೂ ಹಳದಿ ಬಣ್ಣ ಬಳಿದು, ಮೇಲೆ 'ಪ್ರತಿ ಸಲವೂ ನಲವತ್ತೆರಡು ಮೆಟ್ಟಿಲು ತಾವೇ ಹತ್ತಿ ಬಂದಿದ್ದಾರೆ' ಎಂದು ಬರೆದು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದಳು. ನೋಡಿಕೊಳ್ಳಲಿ, ಎಷ್ಟು ಆಸಕ್ತಿ ಇದೆಯೆಂದು.

*

ಎರಡು ವಾರಕ್ಕೆ ಉತ್ತರ ಬಂತು. ದೊಡ್ಡಕ್ಕ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು.

"'ಅರ್ಜಿದಾರರು ಎಂಟು ವಾರಗಳಲ್ಲಿ ಹನ್ನೊಂದು ಬಾರಿ, ಯಾರ ಸಹಾಯವೂ ಇಲ್ಲದೆ, ನಲವತ್ತೆರಡು ಮೆಟ್ಟಿಲುಗಳ ಎರಡನೇ ಮಹಡಿಗೆ ಹತ್ತಿರುವುದು ಸಲ್ಲಿಸಿದ ದಾಖಲೆಗಳಿಂದಲೇ ಸ್ಪಷ್ಟವಾಗಿದೆ. ಆದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ.' ದಾಖಲೆ? ಯಾವ ದಾಖಲೆ?"

ದೊಡ್ಡಕ್ಕ ಲಗತ್ತು ತಿರುವಿದಳು. ಹಳದಿ ಸಾಲುಗಳು ಮಿನುಗಿದವು.

"ಅಯ್ಯೋ ನಿನ್ನ! ಹಗ್ಗ ನಾವೇ ಕೊಟ್ಟು ಕೈ ಕಟ್ಟಿಸ್ಕೊಂಡ್ವಲ್ಲೇ! ನಮ್ಮ ಮಹಡಿ, ನಮ್ಮ ರಿಜಿಸ್ಟರು, ನಿನ್ನ ದುಂಡು ಅಕ್ಷರ!" ಸ್ವಲ್ಪ ಹೊತ್ತು ಸಾಲುಗಳನ್ನೇ ನೋಡಿದಳು. ದನಿ ಇಳಿಯಿತು. "ಗುಬ್ಬೀ, ಪೆನ್ನು ಮರೆತಿದ್ದಕ್ಕೆ ನಲವತ್ತೆರಡು ಮೆಟ್ಟಿಲು ಹತ್ತೋ ಗಂಡಸನ್ನ ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ. ನಿನಗೆ ಗೊತ್ತಿತ್ತು ತಾನೇ?"

ಗುಬ್ಬಿಯ ಕಣ್ಣಿಂದ ಒಂದು ಹನಿ ಹಳದಿ ಸಾಲಿನ ಮೇಲೆ ಬಿದ್ದು ಬಣ್ಣ ಹರಡಿತು.

"ಅಳೋದು ಆಮೇಲೆ. ಮೇಲ್ಮನವಿಗೆ ಮೂವತ್ತು ದಿನ ಇದೆ. ಪ್ರತಿ ಸಲ ಯಾಕೆ ಹತ್ತಿದ್ರು, ಹತ್ತಿದ್ಮೇಲೆ ಏನಾಯ್ತು, ಅದನ್ನ ಅವರ ಬಾಯಿಂದಲೇ ಬರೆಸ್ಕೊಂಡು ಬಾ. ಈ ಸಲ ನೀನು ಹೋಗು. ಅವರನ್ನ ಹತ್ತಿಸ್ಬೇಡ."

*

ಮೇಸ್ತ್ರಿಯದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಹಿಂದಿನ ಕೋಣೆ. ಅವಳು ಬಾಗಿಲು ತಟ್ಟಿದಳು.

"ಯಾರು?"

"ನಾನು."

"ಸಂಜೆ ಬರ್ತೀರಾ? ಈಗ ಸ್ವಲ್ಪ... ಕೆಲಸದಲ್ಲಿದ್ದೀನಿ."

ಬಾಗಿಲು ಓರೆಯಾಗಿತ್ತು. ಬದುಕಿನಲ್ಲಿ ಮೊದಲ ಸಲ ಗುಬ್ಬಿ ಕೇಳದೆ ಒಂದು ಬಾಗಿಲು ತಳ್ಳಿದಳು.

ಅವನು ಮಂಚದ ಮೇಲೆ ಮಲಗಿದ್ದ. ಹನ್ನೊಂದನೇ ಸಲ ಹತ್ತಿ ಹೋದ ಮೇಲೆ ಎರಡು ವಾರ ಕೇಂದ್ರದ ಕಡೆ ಬಂದೇ ಇರಲಿಲ್ಲ. ಮಂಚದ ಮೇಲೆ ಸೂರಿಗೆ ಒಂದು ರಾಟೆ, ಅದರಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ಹಿಡಿ: ಏಳಲು. ಪಕ್ಕದಲ್ಲಿ ಕೊಕ್ಕೆಯಿದ್ದ ಉದ್ದ ಕೋಲು: ಪ್ಯಾಂಟು ಎಳೆದುಕೊಳ್ಳಲು. ಗಾಲಿ ಹಾಕಿದ ಸ್ಟೂಲು: ಒಲೆಯ ತನಕ ಹೋಗಲು. ಎಲ್ಲವನ್ನೂ ಅವನೇ ಮಾಡಿಕೊಂಡಿದ್ದ, ಲಿಫ್ಟಿನ ಕೆಲಸದಷ್ಟೇ ಅಚ್ಚುಕಟ್ಟಾಗಿ. ಮೂವತ್ತೆರಡು ಪುಟದ ಪ್ರತಿ ಪ್ರಶ್ನೆಗೂ ಉತ್ತರ ಆ ಕೋಣೆಯಲ್ಲಿ ನೇತುಹಾಕಿತ್ತು, ಒರಗಿಸಿಟ್ಟಿತ್ತು.

ಗುಬ್ಬಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅವನು ಅವಳು ನೋಡುವುದನ್ನು ನೋಡಿ ಗೋಡೆ ಕಡೆ ಮುಖ ತಿರುಗಿಸಿದ.

ಅವಳು ಸ್ಟೂಲು ಎಳೆದುಕೊಂಡು ಕುಳಿತು ಕಾಗದ ಓದಿ ಹೇಳಿದಳು. ತಾನು ಕಳಿಸಿದ ಹಳದಿ ಪುಟಗಳ ಬಗ್ಗೆಯೂ ಹೇಳಿದಳು. ಅವನು ನಕ್ಕ. ಆ ನಗು ಅವಳಿಗೆ ಸಹಿಸಲಾಗಲಿಲ್ಲ.

"ಪ್ರತಿ ತಾರೀಕಿಗೂ ಕಾರಣ ಹೇಳಿ. ಹದಿನಾಲ್ಕು. ಪೆನ್ನು ಮರೆತಿದ್ದು."

"ಮರೆತಿರ್ಲಿಲ್ಲ. ಬಿಟ್ಟು ಹೋಗಿದ್ದೆ."

"ಇಪ್ಪತ್ತೊಂದು. ಒಂಬತ್ತನೇ ಪುಟದ ಪದದ ಅರ್ಥ ಕೇಳೋಕೆ."

"ಯಾವ ಪದ?"

"ನೀವೇ ಕೇಳಿದ್ದು, ನಿಮಗೇ ನೆನಪಿಲ್ವಾ?"

"ಪದ ಯಾರು ನೋಡ್ದ್ರು? ಅರ್ಥ ಹೇಳುವಾಗ ನೀವು ಎಡಗಡೆ ಹುಬ್ಬು ಮಾತ್ರ ಎತ್ತುತ್ತೀರಿ. ಬಲಗಡೇದು ಏಳುತ್ತೋ ಇಲ್ವೋ ಅಂತ ನೋಡ್ತಿದ್ದೆ."

"ತಮಾಷೆ ಸಾಕು!"

ಗುಬ್ಬಿಯ ದನಿಗೆ ಗುಬ್ಬಿಯೇ ಬೆಚ್ಚಿದಳು. ಆದರೆ ಕಟ್ಟೆ ಒಡೆದಿತ್ತು. "ನಾನು ಕೇಳ್ದಾಗೆಲ್ಲ ಆಗುತ್ತೆ, ಆಗುತ್ತೆ! ಎಷ್ಟು ಸಲ ಕೇಳ್ದೆ? ಕೆಟ್ಟ ದಿನ ಹೇಳಿ ಅಂತ ಎಷ್ಟು ಸಲ ಹೇಳ್ದೆ? ಈ ಹಗ್ಗದ ವಿಷಯ ಹೇಳಿದ್ರಾ? ಈ ಕೋಲಿನ ವಿಷಯ ಹೇಳಿದ್ರಾ? ಈಗ ಗಂಟುಮೂಟೆ ಕಟ್ಕೊಂಡು ಅಕ್ಕನ ಊರಿಗೆ ಹೋಗಿ, ಅಲ್ಲಿ ಸ್ಟೂಲಾಗಿ ಕೂತ್ಕೊಳ್ಳಿ. ನಿಮ್ಮ ಜಂಬಕ್ಕೆ ಅದೇ ಸರಿ!"

"ನಿಮ್ಮ ಮುಂದೆ ಏನಂತ ಹೇಳ್ಲಿ?" ಅವನ ದನಿಯೂ ಏರಿತು. "ಪ್ಯಾಂಟ್ ಹಾಕ್ಕೊಳ್ಳೋಕೆ ಆಗಲ್ಲ ಅಂತ ಹೇಳ್ಲಾ? ಆ ದೊಡ್ಡಕ್ಕ ಕೇಳಿದ್ರೆ ಹೇಳ್ತಿದ್ದೆ. ಬೀದೀಲಿ ಹೋಗೋರು ಕೇಳಿದ್ರೂ ಹೇಳ್ತಿದ್ದೆ. ಕೇಳ್ದೋರು ನೀವಲ್ವಾ?"

ಇಸ್ತ್ರಿ ಅಂಗಡಿಯಲ್ಲಿ ಯಾರೋ ಬಟ್ಟೆಗೆ ನೀರು ಚಿಮುಕಿಸಿದರು. ಬಿಸಿ ಇಸ್ತ್ರಿಯ ಸುಯ್ ಎಂಬ ಸದ್ದು ಗೋಡೆ ದಾಟಿ ಬಂತು.

"ಹಾಗಾದ್ರೆ ಯಾಕೆ ಹತ್ತಿದ್ರಿ?" ಗುಬ್ಬಿ ಮೆಲ್ಲಗೆ ಕೇಳಿದಳು.

"ನೀವು ಕೇಳ್ತಿದ್ದೀರೋ, ಇಲಾಖೆ ಕೇಳ್ತಿದೆಯೋ?"

"...ಇಲಾಖೆ."

"ಹಾಗಾದ್ರೆ ಬರ್ಕೊಳ್ಳಿ. ನನಗೆ ಅವರನ್ನ ನೋಡ್ಬೇಕಿತ್ತು. ಕೆಳಗೆ ಕೂತು ಫೋನ್ ಮಾಡಿದ್ರೆ ಅವರು ಇಳಿದು ಬಂದು ನನ್ನನ್ನ ರೋಗಿ ಥರ ನೋಡ್ತಾರೆ. ಹತ್ತಿ ಹೋದ್ರೆ ಮನುಷ್ಯನ ಥರ ನೋಡ್ತಾರೆ. ಅದಕ್ಕೆ ಹತ್ತಿದೆ. ಹನ್ನೊಂದು ಸಲಾನೂ ಅದಕ್ಕೇ."

"ಅವರು ಅಂದ್ರೆ ಯಾರು? ಹೆಸರಿಲ್ಲದ ಹೇಳಿಕೆ ಒಪ್ಪಲ್ಲ."

"ಬರೀತಿರೋರ ಹೆಸರು ಹಾಕ್ಕೊಳ್ಳಿ."

ಗುಬ್ಬಿ ಹಾಕಿದಳು. ತನ್ನದೇ ಹೆಸರು ಬರೆಯಲು ಅಷ್ಟು ಹೊತ್ತು ಹಿಡಿದದ್ದು ಒಂದನೇ ಕ್ಲಾಸಿನ ನಂತರ ಅದೇ ಮೊದಲು.

"ಈಗ ಕೆಟ್ಟ ದಿನ," ಎಂದಳು. "ನಾನು ಆ ಕಡೆ ತಿರುಗಿ ಕೂರ್ತೀನಿ."

ಬೆನ್ನು ತಿರುಗಿಸಿ ಕುಳಿತಳು. ಅವನು ಹೇಳಿದ. ಮೆಟ್ಟಿಲು ಹತ್ತಿ ಬಂದ ಮರುದಿನ ಎಡಗಾಲು ತನ್ನದೇ ಅಲ್ಲವೆಂಬಂತೆ ಸತ್ತು ಬೀಳುವುದು. ಹಗ್ಗ ಹಿಡಿದರೂ ಏಳಲಾಗದ್ದು. ಬಚ್ಚಲ ತನಕ ಹೋಗಲಾಗದೆ ಹಾಸಿಗೆಯಲ್ಲೇ ಆಗಿಹೋದದ್ದು, ಇಸ್ತ್ರಿಯವನು ಬರುವ ತನಕ ಹಾಗೇ ಬಿದ್ದುಕೊಂಡಿದ್ದದ್ದು, ಅವನ ಹೆಂಡತಿ ಒಂದು ಮಾತನ್ನೂ ಆಡದೆ ಚಾದರ ಒಗೆದು ಹಾಕಿದ್ದು. ಒಂದೊಂದು ಮಾತಿನ ನಡುವೆಯೂ ಇಸ್ತ್ರಿಯ ಸದ್ದು. ಗುಬ್ಬಿ ಒಂದಕ್ಷರ ಬಿಡದೆ ಬರೆದಳು. ತಿರುಗಿ ನೋಡಲಿಲ್ಲ.

"ಮುಗೀತು," ಎಂದ. "ಇನ್ಮೇಲೆ ನೀವು ನನ್ನನ್ನ ಹೇಗೆ ನೋಡ್ತೀರೋ..."

ಗುಬ್ಬಿ ತಿರುಗಿದಳು. ಎಡಗಡೆಯ ಹುಬ್ಬು ಎತ್ತಿದಳು. ಬಲಗಡೆಯದನ್ನೂ ಎತ್ತಲು ನೋಡಿದಳು, ಆಗಲಿಲ್ಲ. ಒದ್ದೆ ಕೆನ್ನೆಯಲ್ಲೇ ನಗು ಬಂತು.

*

ವಿಚಾರಣೆಯ ಕಟ್ಟಡಕ್ಕೆ ಇಳಿಜಾರು ದಾರಿಯೇನೋ ಇತ್ತು. ಅದರ ತುದಿಯ ಬಾಗಿಲಿಗೆ ಬೀಗ. ಬೀಗದ ಕೈ ಇಟ್ಟುಕೊಂಡವನು ಟೀಗೆ ಹೋಗಿದ್ದ. ಮೇಸ್ತ್ರಿ ಕೇಂದ್ರದಿಂದ ತಂದ ಗಾಲಿಕುರ್ಚಿಯಲ್ಲಿ ಅರ್ಧ ಗಂಟೆ ಬಿಸಿಲಲ್ಲಿ ಕೂತ. "ಈ ದಾರಿ ಮಾಡ್ದೋನಿಗೆ ಸನ್ಮಾನ ಮಾಡ್ಬೇಕು," ಎಂದು ದೊಡ್ಡಕ್ಕ ಹಲ್ಲು ಕಡಿದಳು.

ಒಳಗೆ ಉದ್ದ ಮೇಜು, ಮೂವರು ಸದಸ್ಯರು. ನಡುವೆ ಕೂತ ವಯಸ್ಸಾದ ಅಧ್ಯಕ್ಷೆ ಹೇಳಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಮತ್ತೆ ಎರಡನೇ ಪುಟಕ್ಕೆ ಬಂದರು. ಕೊನೆಗೆ ಕನ್ನಡಕದ ಮೇಲಿಂದ ನೋಡಿದರು.

"ಚೆನ್ನಾಗಿದೆ. ಆದ್ರೆ ಪ್ರೀತಿಗೆ ದಾಖಲೆ ಏನು? ಹತ್ತಿದ್ದು ನಿಜ, ಬರೆದಿಟ್ಟಿದ್ದೀರಿ. ಕಷ್ಟಪಟ್ಟು ಹತ್ತಿದ್ರು ಅಂತ ಎಲ್ಲೂ ಬರೆದಿಲ್ಲ. ನೋಡಿದೋರು ಯಾರಾದ್ರೂ ಇದ್ದಾರಾ?"

ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ಗುಬ್ಬಿ ಎದ್ದು ನಿಂತಿದ್ದಳು. ಶಾಲೆಯಲ್ಲಿಯೂ ಅವಳು ಎದ್ದು ನಿಂತು ಉತ್ತರ ಹೇಳಿದವಳಲ್ಲ.

"ನಾನು ನೋಡಿದ್ದೀನಿ."

"ಜೋರಾಗಿ ಹೇಳಿ."

"ನಾನು ನೋಡಿದ್ದೀನಿ. ರಿಜಿಸ್ಟರಲ್ಲಿ ಬರೆದಿರೋದು ಅವರು ನನ್ನ ಮೇಜಿಗೆ ತಲುಪಿದ ಹೊತ್ತು. ಅವರು ಕೆಳಗೆ ಬಾಗಿಲಿಗೆ ಬಂದ ಹೊತ್ತನ್ನ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ಅದು ನನ್ನ ಹತ್ರ ಇದೆ. ಮೊದಲನೇ ವಾರ ಹನ್ನೊಂದು ನಿಮಿಷ. ಹದಿನಾಲ್ಕನೇ ತಾರೀಕು ಹನ್ನೆರಡು. ಇಪ್ಪತ್ತೊಂದಕ್ಕೆ ಹದಿನಾಲ್ಕು." ಹನ್ನೊಂದು ಸಲದ್ದನ್ನೂ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ. "ಕೊನೇ ಸಲ ಹತ್ತೊಂಬತ್ತು ನಿಮಿಷ. ಮೂರು ಕಡೆ ಕೂತ್ಕೊಂಡ್ರು. ಮೇಲಿನ ತಿರುವಲ್ಲಿ ತಲೆ ಬಾಚ್ಕೊಂಡು, ಸಿಳ್ಳೆ ಹಾಕ್ಕೊಂಡು ಬಂದ್ರು."

ಮೇಸ್ತ್ರಿಯ ಕತ್ತು ಸರಕ್ಕನೆ ಇತ್ತ ತಿರುಗಿತು. ಅವನಿಗದು ಗೊತ್ತೇ ಇರಲಿಲ್ಲ.

"ಇಷ್ಟೆಲ್ಲ ನೋಡ್ತಿದ್ದ ನೀವು," ಅಧ್ಯಕ್ಷೆ ನಿಧಾನವಾಗಿ ಕೇಳಿದರು, "ಯಾಕೆ ಇಳಿದು ಹೋಗ್ಲಿಲ್ಲ? ಅದೇ ಅಲ್ವಾ ನಿಮ್ಮ ಕೆಲಸ?"

ಫ್ಯಾನ್ ತಿರುಗುತ್ತಿತ್ತು. ಯಾರೋ ಕಾಗದ ಸರಿಸಿದರು.

"ಅವರು ಬರೋದು ನನಗೆ ಬೇಕಿತ್ತು," ಎಂದಳು ಗುಬ್ಬಿ. "ಇಳಿದು ಹೋದ್ರೆ ಕೆಲಸ ಬೇಗ ಮುಗಿಯುತ್ತೆ. ಹತ್ತಿ ಬಂದ್ರೆ ಅರ್ಧ ಗಂಟೆ ಕೂರ್ತಾರೆ. ನೋವು ಅವರದು, ಆಸೆ ನನ್ನದು. ತಪ್ಪು ನನ್ನದು. ಅದಕ್ಕೆ ಅವರ ಮಾಸಾಶನ ಕಿತ್ಕೋಬೇಡಿ."

ಕುಳಿತಳು. ದೊಡ್ಡಕ್ಕ ಮೇಜಿನಡಿ ಅವಳ ಕೈ ಹಿಡಿದಳು. ಅಧ್ಯಕ್ಷೆ ಏನೋ ಬರೆದುಕೊಂಡರು. ತುಂಬ ಹೊತ್ತು ಬರೆದುಕೊಂಡರು. "ಆದೇಶ ಅಂಚೆಯಲ್ಲಿ ಬರುತ್ತೆ," ಎಂದಷ್ಟೇ ಹೇಳಿದರು.

*

ಅಂಚೆಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ಗುಬ್ಬಿ ದಿನಾ ಸಂಜೆ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಗೆ ಹೋದಳು. ವಿಚಾರಣೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಕ್ಕ ಫೋನ್ ಮಾಡಿ ರೈಲಿನ ಹೊತ್ತು ಹೇಳಿದಾಗಲೆಲ್ಲ ಅವನು 'ನೋಡೋಣ ಅಕ್ಕಾ' ಎನ್ನುತ್ತಿದ್ದ. ಗುಬ್ಬಿ ಟೀ ಲೋಟವನ್ನೇ ನೋಡುತ್ತ ಕೂರುತ್ತಿದ್ದಳು.

ಆದೇಶ ಬಂದ ದಿನ ಅವಳು ನಡುಮಧ್ಯಾಹ್ನವೇ ಬಂದಳು. ಏದುಸಿರು. ಅವನು ಮಂಚದಲ್ಲಿ ಒರಗಿ ಕೂತಿದ್ದ.

"ಸಿಕ್ತು," ಎಂದಳು.

ಅವನು ಕಣ್ಣು ಮುಚ್ಚಿದ. ಉಸಿರು ಬಿಟ್ಟ. ಒಂದು ಗಳಿಗೆ ಮುಖದ ಎಲ್ಲ ಗೆರೆಯೂ ಸಡಿಲಾಯಿತು.

"ಆದ್ರೆ ಒಂದೇ ವರ್ಷಕ್ಕೆ. ಮುಂದಿನ ವರ್ಷ ಹೊಸ ಅರ್ಜಿ, ಮೊದಲಿಂದ. ಮೂವತ್ತೆರಡು ಪುಟ."

"ಒಂದು ವರ್ಷಾನಾ?" ಕಣ್ಣು ತೆರೆದ. "ಅಷ್ಟರಲ್ಲಿ ನನ್ನ ಸೊಂಟ ಹೊಸದಾಗಿ ಚಿಗುರುತ್ತೆ ಅಂದ್ಕೊಂಡಿದ್ದಾರಾ? ಹಲ್ಲಾ ಅದು, ಬಿದ್ದು ಬರೋಕೆ?" ತಲೆ ಕೊಡವಿದ. "ಹೋಗ್ಲಿ ಬಿಡಿ. ಮುಂದಿನ ವರ್ಷವೂ ನೀವೇ ತುಂಬ್ತೀರಲ್ಲ. ಅದೊಂದೇ ಸಮಾಧಾನ."

"ಇಲ್ಲ. ನಾನು ತುಂಬೋಕಾಗಲ್ಲ."

ಅವನ ನಗು ಅರ್ಧಕ್ಕೆ ನಿಂತಿತು. "ಯಾಕೆ? ಆವತ್ತು ಅಷ್ಟು ಜನರ ಮುಂದೆ ಹೇಳಬೇಕಾಗಿ ಬಂತು ಅಂತ ಬೇಜಾರಾ? ದೊಡ್ಡಕ್ಕ ಬೈದ್ರಾ?"

"ಕೇಂದ್ರದಲ್ಲಿ ಒಂದು ರೂಲ್ ಇದೆ." ಗುಬ್ಬಿ ಪೆನ್ನಿಲ್ಲದ ಕೈಯಲ್ಲಿ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಗಂಡನ ಅರ್ಜಿ ಹೆಂಡತಿ ತುಂಬೋ ಹಾಗಿಲ್ಲ."

ಇಸ್ತ್ರಿಯ ಸದ್ದು ಬಂತು, ಹೋಯಿತು.

"ಮತ್ತೆ... ಯಾರು ತುಂಬ್ತಾರೆ?" ಎಂದ ಕೊನೆಗೆ.

"ದೊಡ್ಡಕ್ಕ. ಅವರ ಹತ್ರ ನಿಮ್ಮ ಆಗುತ್ತೆ, ಆಗುತ್ತೆ ಎಲ್ಲ ನಡೆಯಲ್ಲ."

ಅವನು ಕೈ ಚಾಚಿದ. ಆದೇಶ ಕೇಳುತ್ತಿದ್ದಾನೆಂದುಕೊಂಡು ಗುಬ್ಬಿ ಕಾಗದವನ್ನು ಆ ಕೈಯಲ್ಲಿಟ್ಟಳು. ಅವನು ಅದನ್ನು ಓದದೆ ದಿಂಬಿನ ಪಕ್ಕಕ್ಕಿಟ್ಟು ಮತ್ತೆ ಕೈ ಚಾಚಿದ.